ಉಲ್ಟಾ ಬಂದೂಕು

ಅಲ್ ಐನಿನ ಗುಡ್ಡದ ಬುಡ. ಸಂಜೆ ಏಳಕ್ಕೂ
ಕಬ್ಬಿಣ ಮುಟ್ಟಿದರೆ ಚುರ್ರೆನ್ನುವ ಜುಲೈ.
ಗುಲ್‌ಫರಾಜ್ ಮೇಜಿನ ಮೇಲೆ ಒಂದೊಂದೇ ಮಲಗಿಸಿದ.

ಇಟಲಿಯದು: ಅಕ್ರೋಟ್ ಮರದ ಹಿಡಿ,
ನನ್ನ ಐದು ತಿಂಗಳ ನೈಟ್ ಡ್ಯೂಟಿ.
ಸವರಿ, ಕೈ ಹಿಂದಕ್ಕೆ ತೆಗೆದುಕೊಂಡೆ.
ಟರ್ಕಿಯದು ಅಗ್ಗ. ಆದರೆ ಹಗುರ ತೋಟಾ ಹಾಕಿದರೆ
ಮೂರನೆಯದಕ್ಕೇ ಗಂಟಲು ಕಟ್ಟುತ್ತದಂತೆ;
ಪಂದ್ಯದಲ್ಲಿ ಹಾರಿದ ಮಣ್ಣಿನ ತಟ್ಟೆ
ಯಾರ ಕೆಮ್ಮಿಗೂ ಕಾಯುವುದಿಲ್ಲ.

"ಮೂಲೆಯಲ್ಲಿರುವುದು?"
"ಅದಾ? ಅದು ಉಲ್ಟಾ, ಸಿಸ್ಟರ್.
ಖಾಲಿ ತೋಟಾ ಎಡಕ್ಕೆ ಉಗುಳುತ್ತೆ.
ಮೂರು ವರ್ಷ ಆಯ್ತು, ಕೇಳಿದವರಿಲ್ಲ.
ಅರ್ಧಕ್ಕೆ ಕೊಟ್ಟೇನು."

ಎಡಗೈಯಲ್ಲಿ ತುತ್ತೆತ್ತಿದ್ದಕ್ಕೆ
ಸೌಟಿನ ಹಿಡಿಯಿಂದ ಬಿದ್ದ ಏಟು,
ಬಲಕ್ಕೆ ತಿದ್ದಿ ತಿದ್ದಿ ಸೊಟ್ಟಗಾದ ನನ್ನ ಅಕ್ಷರ,
ಕ್ಲಬ್ಬಿನ ಬಾಡಿಗೆ ಬಂದೂಕು ಪ್ರತಿ ಶುಕ್ರವಾರ
ಮೂಗಿನ ಮುಂದೆಯೇ ಹಾರಿಸಿದ ಬಿಸಿ ಸಿಪ್ಪೆ...

ಎಡ ಭುಜಕ್ಕೆ ಏರಿಸಿದೆ.
ಕೆನ್ನೆ ತಾನಾಗಿಯೇ ಹೋಗಿ ಒರಗಿತು.

ಕಪ್ಪು ಪ್ಲಾಸ್ಟಿಕ್ಕು, ಧೂಳು, ಅಂದವೇನಿಲ್ಲ.
ಇನ್ನೂ ಇನ್ನೂರು ದಿರ್ಹಮ್ ಇಳಿಸಬಹುದಿತ್ತು,
ಅವನೂ ಕಾಯುತ್ತಿದ್ದ ಪಾಪ, ಚೌಕಾಸಿಗೆ.
ಮರೆತೇಬಿಟ್ಟೆ.