ಅಕ್ಷರಕ್ಕೆ ಇಷ್ಟು

ಮೆದೇಹಳ್ಳಿ ರಸ್ತೆಯ ತಗಡಿನ ನೆರಳಲ್ಲಿ
ಉಳಿ ಹಿಡಿದು ಕೂತವನು ನಾನು, ಮೌಲಾಲಿ.
ದುರ್ಗದಲ್ಲಿ ಕಲ್ಲಿಗೆ ಎಂದೂ ಬರವಿಲ್ಲ,
ಬರವೇನಿದ್ದರೂ ದುಡ್ಡು ಕೊಟ್ಟು ಕೆತ್ತಿಸುವ ಹೆಸರಿಗೆ.

ಮೊದಲ ಸಲ ಅವನು ಬಂದದ್ದು ಲೂನಾ ಮೇಲೆ.
(ಎದುರಿಗೆ ಸಾಹೇಬರು; ಉಳಿಯ ಬಾಯಲ್ಲಿ ಎಲ್ಲರೂ ಅವನೇ.)
ತಾಲ್ಲೂಕು ಬೋರ್ಡಿನ ಸದಸ್ಯ,
ಜೇಬಿನ ಚೀಟಿಗೆ ಬೆವರು ತಾಗಿ ಇಂಕು ಹರಡಿತ್ತು.
ಕಾಟವ್ವನಹಟ್ಟಿಯ ನೀರಿನ ತೊಟ್ಟಿಗೆ ಒಂದು ಕಲ್ಲು.
ಅಕ್ಷರಕ್ಕೆ ಒಂದೂಕಾಲು ರೂಪಾಯಿ, ಒತ್ತಿಗೆ ಎಂಟಾಣೆ.
ಮೇಲೆ ಮಂತ್ರಿ, ಅವರ ಕೆಳಗೆ ಶಾಸಕರು, ಆಮೇಲೆ ಇಂಜಿನಿಯರು,
ಎಲ್ಲರ ಕಾಲಬುಡದಲ್ಲಿ ಕಿರುಬೆರಳಿನ ಉಗುರಿನಷ್ಟು
ಎಸ್. ಬೊಮ್ಮಲಿಂಗಪ್ಪ.

ಆಮೇಲೆ ಆ ಹೆಸರು ಕಲ್ಲಿನಲ್ಲಿ ಹತ್ತುತ್ತಾ ಹೋಯಿತು
ಸುಣ್ಣದ ಗೋಡೆಯ ಹಲ್ಲಿಯ ಹಾಗೆ, ಸದ್ದಿಲ್ಲದೆ.
ಇಂಜಿನಿಯರನ್ನು ದಾಟಿತು. ಒಂದು ಚುನಾವಣೆ ಸೋತು
ಎರಡು ಸಾಲು ಜಾರಿತು. ಮತ್ತೆ ಹತ್ತಿತು.
ಸಣ್ಣ ನೀರಾವರಿ ಸಿಕ್ಕ ವರ್ಷ ನೆತ್ತಿಗೇ ಬಂದು ಕೂತಿತು,
ಮುಂದೆ ‘ಸನ್ಮಾನ್ಯ ಶ್ರೀ’:
ನಾಲ್ಕು ಅಕ್ಷರ, ಮೂರು ಒತ್ತು,
ಆಗಿನ ದರದಲ್ಲಿ ನನ್ನ ಮನೆಗೆ ಒಂದು ಹೊತ್ತಿನ ಅಕ್ಕಿ.
ಎರಡು ವರ್ಷ ಮೂರು ತಿಂಗಳಲ್ಲಿ ಅರವತ್ತಮೂರು ಅಡಿಗಲ್ಲು.
ಕೆಲವದರ ಹಿಂದೆ ಕಟ್ಟೆ ಎದ್ದಿತು.
ಕೆಲವದರ ಹಿಂದೆ ಜಾಲಿ.

ಸರ್ಕಾರ ಬಿತ್ತು.
ಅವನನ್ನು ಶಾಸಕಾಂಗ ಪಕ್ಷದ ನಾಯಕ ಮಾಡಿದರು,
ದೊಡ್ಡ ಪದವಿ ಅಂತ ಪಟಾಕಿ ಹೊಡೆದರು.
ನನಗೇನು ಬಂತು?
ವಿರೋಧ ಪಕ್ಷದವರು ಅಡಿಗಲ್ಲು ಇಡುವುದಿಲ್ಲ.
ಐದು ವರ್ಷ ಅವನ ಹೆಸರು ಗಾಳಿಯಲ್ಲಿ ಓಡಾಡಿತು,
ನನ್ನ ಲೆಕ್ಕದ ಪುಸ್ತಕಕ್ಕೆ ಇಳಿಯಲಿಲ್ಲ.
ಕೆರೆಗಳ ಹೂಳಿನ ಬಗ್ಗೆ ಸದನದಲ್ಲಿ
ಮೂರೂವರೆ ಗಂಟೆ ಮಾತಾಡಿದನಂತೆ;
ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ ಓದಿದೆ,
ಎಣ್ಣೆ ಇಳಿದು ಕೊನೆಯ ಸಾಲು ಕಾಣಲಿಲ್ಲ.
ಅಷ್ಟು ಮಾತನ್ನೂ ಕಲ್ಲಿಗೆ ಇಳಿಸಿದ್ದರೆ ಎಂದು ಲೆಕ್ಕ ಹಾಕಿ
ಆ ರಾತ್ರಿ ಮನಸ್ಸಿನಲ್ಲೇ ಒಂದು ಸೈಟು ಕೊಂಡೆ.

ಹೋದ ತಿಂಗಳು ಬಂದರು.
ಜೀಪಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ,
ಬಸ್‌ಸ್ಟ್ಯಾಂಡಿನಿಂದ ನಡೆದೇ. ಒಂದು ಮೊಣಕಾಲು ಮಾತು ಕೇಳುತ್ತಿರಲಿಲ್ಲ.
ನನ್ನ ಬೆಂಚಿನ ಮೇಲೆ ಕೂತರು.
ಬೆಂಚೆಂದರೆ ಕಲ್ಲು,
ವೇದಾವತಿಯ ಸೇತುವೆಗೆಂದು ಕೆತ್ತಿ ಮುಗಿಸಿದ್ದು;
ಉದ್ಘಾಟನೆಗೆ ಮೂರು ದಿನ ಇರುವಾಗ ಸರ್ಕಾರ ಬಿದ್ದು
ಅದನ್ನು ಬೋರಲು ಹಾಕಿ ಇಟ್ಟಿಗೆ ಮೇಲೆ ಕೂರಿಸಿದ್ದೆ.

ಚಹಾ ತರಿಸಿದೆ. ಮಾತಿನ ನಡುವೆ
ಅವರ ಕೈ ಕಲ್ಲಿನ ತಳಕ್ಕೆ ಹೋಯಿತು, ತಡವಿತು,
ಒಂದು ಕಡೆ ನಿಂತಿತು.
“ಇದರಲ್ಲಿ ಒತ್ತು ಸರಿಯಾಗಿದೆ.”
“ಯಾಕೆ ಸಾಹೇಬರೇ?”
“ಹಟ್ಟಿಯ ಕಲ್ಲಿನಲ್ಲಿ ಬಿಟ್ಟಿದ್ದೆ, ಮೌಲಾಲಿ.
ಬೊಮಲಿಂಗಪ್ಪ ಅಂತಿದೆ. ಮ-ಗೆ ಒತ್ತಿಲ್ಲ.”

ಮೂವತ್ತೆಂಟು ವರ್ಷ.
ನನ್ನ ಕಿವಿ ಬಿಸಿಯಾಯಿತು.
“ಆಗಲೇ ಹೇಳಬಾರದಿತ್ತೇ?”
“ಹೇಳಿದ್ದರೆ ಹೊಸ ಕಲ್ಲು. ಆಗ ದುಡ್ಡೆಲ್ಲಿತ್ತು?
ಆಮೇಲೆ ದುಡ್ಡಿತ್ತು, ಆದರೆ
ಆ ಊರಿನವರಿಗೆ ಅದೇ ಬಾಯಿಗೆ ಬಂದುಬಿಟ್ಟಿತ್ತು.
ಬೊಮಲಿಂಗಪ್ಪನ ತೊಟ್ಟಿ. ನೀರು ಇವತ್ತಿಗೂ ಬರುತ್ತೆ.
ಮೊನ್ನೆ ಹೋಗಿದ್ದೆ, ಕುಡಿದೆ.
ಕೊಡ ತೊಳೆಯುತ್ತಿದ್ದ ಹುಡುಗಿ, ಯಾರು ಬೇಕಿತ್ತು ಅಜ್ಜ, ಅಂದಳು.”

ಲೋಟ ಕೆಳಗಿಟ್ಟು ಅಂಗೈ ಚಾಚಿದರು.
“ಬರೆಯದ ಒತ್ತಿಗೆ ಎಂಟಾಣೆ ಹಿಡಿದಿದ್ದೀಯ. ತೆಗಿ.”
ನಗುತ್ತಿದ್ದರೋ ಇಲ್ಲವೋ, ಮೀಸೆಯಲ್ಲಿ ಗೊತ್ತಾಗಲಿಲ್ಲ.
ಎಂಟಾಣೆ ಈಗ ಯಾರ ಹತ್ತಿರ ಇರುತ್ತೆ?
ಹಳೆಯ ಮೊಳೆ, ಮುರಿದ ಉಳಿಯ ತುದಿಗಳ ಡಬ್ಬಿ ಬುಡಮೇಲು ಮಾಡಿದೆ,
ಒಂದು ಸಿಕ್ಕಿತು. ತುಕ್ಕಿನ ಬಣ್ಣ.
ಎರಡೂ ಕಡೆ ತಿರುಗಿಸಿ ನೋಡಿ
ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡರು,
ಹಿಂದೆ ಚೀಟಿ ಇರುತ್ತಿದ್ದ ಜೇಬು.

ಸೇತುವೆಯ ಕಲ್ಲಿನದು ಇನ್ನೂರ ಹನ್ನೆರಡು ಅಕ್ಷರ ಬಾಕಿ.
ಅದರ ಮಾತು ಅವರೂ ಎತ್ತಲಿಲ್ಲ,
ನಾನೂ ಎತ್ತಲಿಲ್ಲ.