ಬರಿ ನೋಡಿ ತಂದದ್ದು

ಹತ್ತರ ನಾಣ್ಯಗಳ ಜೊತೆ, ಚರ್ಮದ ಚೀಲದೊಳಗೆ,
ಟಿಕೆಟ್ ಕಾಗದದಲ್ಲಿ ಸುತ್ತಿಟ್ಟುಕೊಂಡು
ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕಿನವರೆಗೆ ತಂದೆ.
ಹಾಸ್ಟೆಲ್ ಖಾಲಿ ಮಾಡುತ್ತಿದ್ದ ಹುಡುಗ
ಫುಟ್‌ಬೋರ್ಡಿನಲ್ಲಿ ನಿಂತೇ ಮಾರಿದ್ದು, ಎಂಟುನೂರಕ್ಕೆ.
"ಪ್ರೊಸೆಸರ್ ಒಳ್ಳೆಯದು ಅಂಕಲ್,
ಗ್ರಾಫಿಕ್ಸ್ ಅದರೊಳಗೇ ಉಂಟು.
ಸುಟ್ಟದ್ದು ಬೋರ್ಡು ಮಾತ್ರ."

ಹಂಪನಕಟ್ಟೆಯ ಮೂರನೇ ಮಾಳಿಗೆ.
ಲಿಫ್ಟಿನ ಮೇಲೆ 'ರಿಪೇರಿ' ಎಂಬ ಬೋರ್ಡು,
ಅದೂ ಒಂದು ಮೊಳೆಯಲ್ಲಿ ವಾಲಿದೆ.
ತ್ವಾಹ ಕಾಗದ ಬಿಡಿಸಿ ಟಾರ್ಚು ಹಿಡಿದ:
"ಎಂಥದು ಮಾರಾಯ್ರೇ, ಇದನ್ನು ಚಿಲ್ಲರೆಯ ಜೊತೆ ಹಾಕುವುದಾ?
ಸಾವಿರದ ಮುನ್ನೂರ ಮೂವತ್ತೊಂದು ಪಿನ್ನು.
ನಾಲ್ಕು ಮಲಗಿವೆ."
ನನ್ನ ಬಸ್ಸಿನಲ್ಲಿ ನಲವತ್ತೆರಡು ಸೀಟು.
ನಿಂತವರನ್ನು ನಾನು ಎಣಿಸಿದವನಲ್ಲ.

ಜೇಬಿನಲ್ಲಿದ್ದದ್ದು ಐದು ಸಾವಿರದ ಐನೂರು.
ಮೊದಲ ಬೋರ್ಡು ಪೆಟ್ಟಿಗೆ ಸಮೇತ, ಹೊಳೆಯುತ್ತಿತ್ತು.
"ಇದಕ್ಕೆ ಅದು ಕೂರುವುದಿಲ್ಲ. ಸಾಕೆಟ್ ಬೇರೆ."
ಹಾಗಾದರೆ ಬರಿ ನೋಡಬೇಕು ಎಂದೆ.
ಗೋತ್ರಕ್ಕೆ ನಮ್ಮಲ್ಲಿ ಬರಿ ಎನ್ನುವುದು;
ಬೆಂಗರೆಯಲ್ಲಿ ನಮ್ಮ ಪಕ್ಕದ ಮನೆಯವನು, ತ್ವಾಹನಿಗೂ ಗೊತ್ತು.
"ನಿಮ್ಮಲ್ಲಿ ಬರಿ ಒಂದಾದರೆ ಮದುವೆ ಇಲ್ಲ,
ಇಲ್ಲಿ ಒಂದಾಗದಿದ್ದರೆ ಇಲ್ಲ."
ಬರಿ ಬರುವುದು ತಾಯಿಯ ಕಡೆಯಿಂದ.
ಅದೊಂದು ಎರಡೂ ಕಡೆ ಸಮ.

ಎರಡನೆಯದು ಉಳ್ಳಾಲದ ಕಡಲ ದಂಡೆಯ ಮನೆಯದ್ದು.
ಪೋರ್ಟಿನೊಳಗೆಲ್ಲ ಹಸಿರು ಕಿಲುಬು.
ಮೂಸಿದೆ; ಉಪ್ಪಿನ ವಾಸನೆ ಇರಲಿಲ್ಲ, ಆದರೂ ಬೇಡವೆಂದೆ.
ಮೂರನೆಯದರಲ್ಲಿ ರ‍್ಯಾಮಿಗೆ ಎರಡೇ ಜಾಗ,
ಕರೆಂಟು ಹಾಯುವಲ್ಲಿ ತಣಿಸಲು ಒಂದು ಚೂರು ತಗಡೂ ಇಲ್ಲ.
"ಆಟ ಶುರುವಾದ ಅರ್ಧ ಗಂಟೆಗೆ ಕಾಯುತ್ತದೆ,
ಏಪ್ರಿಲಿನಲ್ಲಿ ನಿಮ್ಮ ಡ್ರೈವರನ ಹಾಗೆ."

ನಾಲ್ಕನೆಯದು ಬಿ ನಾನೂರೈವತ್ತು. ಆರು ಸಾವಿರ.
ಸಾಕೆಟ್ ಸರಿ, ರ‍್ಯಾಮ್ ಸರಿ,
ಮನೆಯಲ್ಲಿರುವ ಸಣ್ಣ ಕ್ಯಾಬಿನೆಟ್ಟಿಗೂ ಹಿಡಿಸುತ್ತದೆ.
ಆದರೂ ತ್ವಾಹ ತಲೆ ಕೆರೆದ.
ಬಯೋಸ್ ಹಳತು; ಪ್ರೊಸೆಸರ್ ಕೂತರೂ ಬೋರ್ಡಿಗೆ ಗುರುತು ಸಿಗದು.
"ಮದುವೆಯಾಗಿದೆ, ರೇಷನ್ ಕಾರ್ಡಿಗೆ ಹೆಸರು ಸೇರಿಲ್ಲ, ಹಾಗೆ."
ತನ್ನದೊಂದು ಹಳೇ ಚಿಪ್ಪು ಕೂರಿಸಿ, ಪೆನ್‌ಡ್ರೈವ್ ಚುಚ್ಚಿ,
"ಈಗ ಕರೆಂಟು ಹೋಗಬಾರದು" ಎಂದ.
ಹತ್ತು ನಿಮಿಷ ಇಬ್ಬರೂ ತಲೆಯ ಮೇಲಿನ ಫ್ಯಾನನ್ನೇ ನೋಡಿದೆವು.
ಉಳಿದ ಐನೂರು, ದೋಣಿಯಲ್ಲಿ ಸಿಕ್ಕಾಗ.

ಬಂದರಿನಿಂದ ಆಚೆ ದಡಕ್ಕೆ ಹೋಗುವಾಗ
ನೀರು ಸಿಡಿದಲ್ಲೆಲ್ಲ ಬೋರ್ಡನ್ನು ಅಂಗಿಯೊಳಗೆ ತೂರಿಸಿದೆ.
ಪಕ್ಕದ ಹೆಂಗಸು ಖಾಲಿ ಮೀನಿನ ಬುಟ್ಟಿ ಸರಿಸಿ ಕೇಳಿದಳು,
"ಎಂಥ ಅದು, ಬಿಸಿ ಗೋಳಿಬಜೆಯಾ?"

ಅಮ್ಮ ಬೀಡಿಯ ಎಲೆ ಬದಿಗಿಟ್ಟರು.
ಐವತ್ತು ವರ್ಷ ಬೀಡಿಯ ತುದಿ ಮಡಚಿದ ಬೆರಳು,
ಅದೇ ಮಡಚುವ ಕಡ್ಡಿ, ಮೂಗಿನ ತುದಿಗೆ ಕನ್ನಡಕ.
ಮೋಕ್ಷಿತಾ ಮೊಬೈಲಿನ ಬೆಳಕು ಹಿಡಿದಳು,
ಉಸಿರೂ ಹಿಡಿದಳು.
"ಇಷ್ಟು ವರ್ಷ ಮಡಚಿದ್ದೇ. ಬಿಡಿಸುವುದು ಇದೇ ಮೊದಲು."
ಒಂದು. ಎರಡು. ಮೂರನೆಯದಕ್ಕೆ ತುಂಬ ಹೊತ್ತು.
ನಾಲ್ಕನೆಯದು ಸ್ವಲ್ಪ ಓರೆಯಾಗಿಯೇ ನಿಂತಿತು.
ಮೂಲೆಯ ಚಿನ್ನದ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಬಿಟ್ಟೆವು.
ತಾನಾಗಿ ಇಳಿಯಿತು, ಯಾರೂ ಒತ್ತಲಿಲ್ಲ.

ಕಪ್ಪು ಪರದೆ, ಬಿಳಿ ಅಕ್ಷರ.
ಹೊಸ ಪ್ರೊಸೆಸರ್ ಬಂದಿದೆ, ಹೌದೋ ಅಲ್ಲವೋ ಒತ್ತಿ ಹೇಳಬೇಕಂತೆ,
ಮೋಕ್ಷಿತಾ ಓದಿ ತಿಳಿಸಿದಳು.
ಅಮ್ಮ ಎಲೆಗೆ ಕತ್ತರಿ ಇಡುತ್ತ ಅಂದರು:
"ಕೇಳಿತಲ್ಲ, ಅಷ್ಟಾದರೂ.
ನನ್ನನ್ನು ಯಾರು ಕೇಳಿದ್ದರು?"

ಆಟ ಸದ್ಯಕ್ಕೆ ತೆವಳುತ್ತದೆ.
ಗ್ರಾಫಿಕ್ಸ್ ಕಾರ್ಡಿನ ಆ ಉದ್ದ ಸ್ಲಾಟು ಖಾಲಿ,
ಬದಿಯ ತಗಡು ಮುಚ್ಚಿಲ್ಲ, ನಸುಕಿನ ದೋಣಿಗೆ ಹೊರಡುವಾಗ ಕಾಣುತ್ತದೆ.
ಖಾಲಿ ಸೀಟು ಕಂಡರೆ ನನಗೆ ಆಗದು.
ಚಪ್ಪಲಿ ಮೆಟ್ಟುತ್ತ ಬಾಯಿಗೆ ಬರುತ್ತದೆ,
ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಉಂಟು.
ಹೋಗಲು ಅಲ್ಲಿ ಯಾರೂ ಇಲ್ಲ.