ಕುಂಟು ಜ

ಚಿಕ್ಕಮ್ಮನ ಟೈಪಿಂಗ್ ಶಾಲೆಯಲ್ಲಿ ಹತ್ತು ಮಿಷನ್ನು.
ಏಳನೆಯದರ ಜ ಮಾತ್ರ
ಗೆರೆಯಿಂದ ಒಂದೆಳ್ಳು ಕೆಳಗೆ ಕೂರುತ್ತಿತ್ತು,
ಪಂಕ್ತಿಯಲ್ಲಿ ಎಲೆ ಸಿಗದೆ
ಹೊಸ್ತಿಲಲ್ಲೇ ಉಳಿದ ನೆಂಟನ ಹಾಗೆ.

ಹಾಸನದ ಪೆನ್ಷನ್ ಮೊಹಲ್ಲಾ, ಮಹಡಿ ಮೇಲೆ ನಾವು,
ಕೆಳಗೆ ಆಲೂಗಡ್ಡೆ ಮಂಡಿ.
ಎಪ್ಪತ್ತಾರರ ಮೇ ತಿಂಗಳು.
ಬಿತ್ತನೆ ಗಡ್ಡೆಯ ಮೂಟೆಯೊಳಗೆ ಕರಪತ್ರ ಮಲಗಿಕೊಂಡು
ದುದ್ದಕ್ಕೆ, ಹಳೇಬೀಡಿಗೆ, ಅರಕಲಗೂಡಿಗೆ ಹೋಗುತ್ತಿತ್ತು.
ಬರೆದವರು ಸಣ್ಣತಮ್ಮಯ್ಯ ಮೇಷ್ಟ್ರು.
ಸ್ಟೆನ್ಸಿಲ್ ಬಡಿದವಳು ಫಿರ್ದೋಸ್,
ನಿಮಿಷಕ್ಕೆ ನಲವತ್ತು ಪದ, ಕೀಲಿ ನೋಡದೆ.

ಸೋಮವಾರ ಸುದ್ದಿ ಬಂತು:
ಎಸ್ಪಿ ಕಚೇರಿ ಮೇಜಿನ ಮೇಲೆ ಒಂದು ಹಾಳೆ ಇದೆಯಂತೆ,
ಪಕ್ಕದಲ್ಲಿ ಭೂತಗನ್ನಡಿ,
ನಾಳೆ ಊರಿನ ಮಿಷನ್ನುಗಳನ್ನೆಲ್ಲ ಮಾತಾಡಿಸುತ್ತಾರಂತೆ.

ಚಿಕ್ಕಮ್ಮ ಊಟ ಮುಗಿಸಿ ಇಕ್ಕಳ ತಂದಳು.
"ಬ್ಯಾಟರಿ ಹಿಡಿ," ಅಂದಳು.
ಏಳನೆಯದನ್ನು ನೆಟ್ಟಗೆ ಮಾಡುತ್ತಾಳೆ ಅಂದುಕೊಂಡೆ.
"ಮಾಡಿದ್ರೆ ಇಕ್ಕಳದ ಗಾಯ ಅದೊಂದರ ಮೇಲೇ ಉಳಿತದೆ ಕಣೆ."
ಒಂದನೆಯದರ ಮುಂದೆ ಕೂತು
ಜ ಕಡ್ಡಿಯನ್ನು ಎತ್ತಿ,
ಕೂಸಿನ ಕಿವಿ ಚುಚ್ಚುವವಳ ಹಾಗೆ ಉಸಿರು ಹಿಡಿದು
ತುಸುವೇ ಬಗ್ಗಿಸಿದಳು.
ಕೋಳಿ ಕೂಗುವ ಹೊತ್ತಿಗೆ ಉಳಿದ ಒಂಬತ್ತೂ ಕುಂಟಿದವು.
ಏಳನೆಯದಕ್ಕೂ ಇಕ್ಕಳ ಮುಟ್ಟಿಸಿದಳು, ಸುಮ್ಮನೆ, ಗುರುತಿಗೆ.

"ಹೊಡೀರಿ," ಅಂದರು ಇನ್ಸ್‌ಪೆಕ್ಟರು, "ಜನಜೀವನ ಸಹಜವಾಗಿದೆ."
ಹತ್ತು ಮಿಷನ್ನು, ಹತ್ತು ಹಾಳೆ.
ಜನ ಕುಂಟಿತು, ಜೀವನ ಕುಂಟಿತು,
ಸಹಜ ಅನ್ನುವುದಂತೂ ನಡುವೇ ಮುರಿದ ಹಾಗೆ.
"ಎಲ್ಲಾ ಹಿಂಗೇನಾ?"
"ಒಂದೇ ಕಂಪನಿ ಮಾಲು, ಸ್ವಾಮಿ."
ಆ ರಾತ್ರಿ ಫಿರ್ದೋಸ್ ನಕ್ಕೂ ನಕ್ಕೂ ಬಿಕ್ಕಳಿಕೆ ತಂದುಕೊಂಡಳು.

ಸಾಕ್ಷಿ ಬೇಕಾಗುತ್ತದೆ ಅಂದುಕೊಂಡಿದ್ದೆವು, ಪೆದ್ದರು.
ಗುರುವಾರ ಬಸ್ ಸ್ಟ್ಯಾಂಡಿನಲ್ಲಿ,
ಹೆಂಡತಿಯ ಕೆಮ್ಮಿನ ಔಷಧದ ಶೀಶೆ ಕೈಯಲ್ಲಿರುವಾಗಲೇ,
ಒಂದಕ್ಷರವನ್ನೂ ತೋರಿಸದೆ
ಮೇಷ್ಟ್ರನ್ನು ಜೀಪು ಹತ್ತಿಸಿದರು.

ಆಮೇಲೆ ನಮ್ಮ ಬೆಂಚಿನ ಮೇಲೆ ಪೇದೆ ದ್ಯಾವಯ್ಯ.
ಹೋದವರ ಹೆಸರು, ಬಂದವರ ಹೆಸರು, ಎಣ್ಣೆಗಲೆಯ ನೋಟುಬುಕ್ಕು.
ಅರವತ್ತೆರಡು ಮಕ್ಕಳು ಒಂಬತ್ತಾದರು.
ಫಿರ್ದೋಸಳ ಅಪ್ಪನನ್ನು ಮೂರು ಸಂಜೆ ಠಾಣೆಗೆ ಕರೆದು
ಏನೂ ಕೇಳದೆ ನಿಲ್ಲಿಸಿ ಕಳಿಸಿದರು.
ನಾಲ್ಕನೆಯ ದಿನ ಏಳನೇ ಮಿಷನ್ನಿನ ಕುರ್ಚಿ ಖಾಲಿ.

ಆದರೆ ಆ ವರ್ಷ ಹಾಸನದಿಂದ ಹೊರಟ
ಜಮೀನಿನ ಅರ್ಜಿ, ಜಾತಕದ ಪ್ರತಿ, ಜಪ್ತಿ ನೋಟೀಸಿನ ಜವಾಬು,
ನಮ್ಮಲ್ಲಿ ಹೊಡೆಸಿದ್ದೆಲ್ಲ ಕುಂಟುತ್ತಲೇ ಊರು ದಾಟಿತು.
ದ್ಯಾವಯ್ಯನೂ ಒಂದು ದಿನ ಕೆಮ್ಮಿ ಎದ್ದು ಬಂದ,
ಸಕಲೇಶಪುರಕ್ಕೆ ವರ್ಗದ ಮನವಿ, ಮಗಳ ಬಾಣಂತನವಂತೆ.
ಹೊಡೆದುಕೊಟ್ಟೆ.
ಹಾಳೆಯ ಮೇಲೆ ಹೆಬ್ಬೆಟ್ಟು ಆಡಿಸುತ್ತಾ ಹೋಗಿ
ಒಂದು ಕಡೆ ನಿಲ್ಲಿಸಿದ.
ನನ್ನ ಮುಖ ನೋಡಿದ.
ಮಡಿಚಿ ಜೇಬಿಗಿಟ್ಟು ಬೆಂಚಿಗೆ ಹೋಗಿ ಕೂತ.
ನೋಟುಬುಕ್ಕು ತೆರೆಯಲಿಲ್ಲ ಅಂತ ನೆನಪು.
ತೆರೆದಿದ್ದರೂ ತೆರೆದಿರಬಹುದು.

ಮುಂದಿನ ಮಾಘದಲ್ಲಿ ಮೇಷ್ಟ್ರು ಬಂದರು.
ಕುಂಟುತ್ತಿದ್ದರು ಅಂದರೆ ಈ ಪದ್ಯಕ್ಕೆ ಒಪ್ಪುತ್ತದೆ,
ಇಲ್ಲ, ನೆಟ್ಟಗೇ ಮೆಟ್ಟಿಲು ಹತ್ತಿದರು.
ಕಾಫಿ ಲೋಟವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದರು.
ಶೀಶೆಯ ವಿಷಯ ಯಾರೂ ಎತ್ತಲಿಲ್ಲ,
ಅದನ್ನು ಕುಡಿಯಬೇಕಿದ್ದವರು ದೀಪಾವಳಿಗೇ ಹೋಗಿದ್ದರು.
"ಎರಡು ರೀಮು ಕಾಗದದ್ದು ಬಾಕಿ ಇತ್ತಲ್ಲಮ್ಮ,"
ಅಂತ ಮುದುರಿದ ನೋಟು ತೆಗೆದರು.

ಬೇಡ ಅನ್ನಲಿಲ್ಲ ಚಿಕ್ಕಮ್ಮ. ಲೆಕ್ಕದ ಪುಸ್ತಕ ಬಿಡಿಸಿ
ತನ್ನ ಕೈಯಾರೆ ಬರೆದಳು: ಜಮಾ.
ಬಗ್ಗಿ ನೋಡಿದೆ.
ಅವಳ ಕೈಬರಹದಲ್ಲೂ ಜ
ಗೆರೆಯಿಂದ ಒಂದೆಳ್ಳು ಕೆಳಗೆ.